ಮೊರೆ: ಕೇಳುವವನಿದ್ದಾನೆಂಬ ನಂಬುಗೆ

ಬೆಳಗಿನ ಪತ್ರಿಕೆ ಬಿಡಿಸಿದರೆ ‘ಮೊರೆ’ ಇಲ್ಲದ ದಿನವಿಲ್ಲ. ವರ್ಗಾವಣೆ ರದ್ದತಿಗೆ ಹೈಕೋರ್ಟ್ ಮೊರೆ, ಬೆಳೆ ಪರಿಹಾರಕ್ಕೆ ಜಿಲ್ಲಾಧಿಕಾರಿಗೆ ರೈತರ ಮೊರೆ, ಮಳೆಗಾಗಿ ದೇವರ ಮೊರೆ. ಏಪ್ರಿಲ್ ಬಂತೆಂದರೆ ಬಿಸಿಲಿಗೆ ಬಸವಳಿದ ಜನ ಎಳನೀರಿನ ಮೊರೆ ಹೋಗುತ್ತಾರೆ. ಶೀರ್ಷಿಕೆ ಬರೆಯುವವರಿಗೆ ಎರಡಕ್ಷರದ ಈ ಪದ ಹೇಳಿ ಮಾಡಿಸಿದ ಹಾಗಿದೆ. ಓದುವವರು ಅದರ ಮೇಲೆ ಕಣ್ಣು ನಿಲ್ಲಿಸುವುದಿಲ್ಲ. ಆದರೆ ಕಷ್ಟ ಬಂದಾಗ ಕನ್ನಡದ ಮನಸ್ಸು ದೇವರ ಮುಂದೆ ಹೇಗೆ ನಿಂತಿತು, ಅವನ ಕರುಣೆಯನ್ನು ಯಾವ ಧೈರ್ಯದ ಮೇಲೆ ನಂಬಿತು ಎಂದು ತಿಳಿಯಬೇಕಾದರೆ ಈ ಪದದ ಹಿಂದೆ ಹೋಗಬೇಕು ಎಂದು ನನಗೆ ಬಹಳ ದಿನಗಳಿಂದ ಅನಿಸಿದೆ. ಕರುಣೆ, ದಯೆ, ಕೃಪೆ ಇವೆಲ್ಲ ಸಂಸ್ಕೃತದಿಂದ ಬಂದು ನಮ್ಮವಾದವು. ಮೇಲಿನಿಂದ ಇಳಿದು ಬರುವುದರ ಹೆಸರುಗಳು. ಮೊರೆ ಕೆಳಗಿನಿಂದ ಏಳುವುದರ ಹೆಸರು, ದ್ರಾವಿಡ ಮೂಲದ್ದು, ಸಂಕಟದಲ್ಲಿರುವವನ ಬಾಯಿಯದು.

ಈ ಚಿಕ್ಕ ಪದದೊಳಗೆ ಕನಿಷ್ಠ ಮೂರು ಪದಗಳು ಒಂದಾಗಿ ಕುಳಿತಿವೆ. ಹಳಗನ್ನಡಕ್ಕೆ ಎರಡು ರಕಾರಗಳಿದ್ದವು. ಒಂದು ಈಗಿನ ರ, ಇನ್ನೊಂದು ಶಕಟರೇಫವೆಂದು ವ್ಯಾಕರಣಕಾರರು ಕರೆದ ಱ. ಬರೀ ರಕಾರದ ‘ಮೊರೆ’ ಎಂದರೆ ಸದ್ದು. ದುಂಬಿ ಮೊರೆಯುತ್ತದೆ, ಕಡಲು ಮೊರೆಯುತ್ತದೆ. ‘ಕಡಲ ಮೊರೆತ’ ಎಂದು ಇವತ್ತಿಗೂ ಬರೆಯುತ್ತೇವೆ. ಶಕಟರೇಫದ ‘ಮೊಱೆ’ ಎಂದರೆ ಸಂಕಟದ ಕೂಗು, ಅಹವಾಲು, ದೂರು. ಮೂರನೆಯದು ‘ಮಱೆ’. ಗೋಡೆಯ ಮರೆ, ಮರದ ಮರೆ, ತಾಯಿಯ ಸೆರಗಿನ ಮರೆ ಎನ್ನುವಾಗಿನ ಆ ಮರೆ, ಅಂದರೆ ಕಾಪು, ಆಸರೆ. ಇದಕ್ಕೆ ‘ಪೊಗು’ ಸೇರಿದರೆ ‘ಮಱೆವೊಗು’: ಆಸರೆಯೊಳಗೆ ಹೊಕ್ಕುಕೊಳ್ಳುವುದು. ನಡುಗನ್ನಡದ ಕಾಲಕ್ಕೆ ಶಕಟರೇಫ ಬಾಯಿಂದಲೂ ಬರಹದಿಂದಲೂ ಜಾರಿಹೋಯಿತು. ಮರೆಹೊಗು ಎನ್ನುವ ಕಡೆಯಲ್ಲೇ ಮೊರೆಹೊಗು ಎಂಬ ರೂಪ ಬಳಕೆಗೆ ಬಂತು. ಕೂಗು ಮತ್ತು ಆಸರೆ ಒಂದೇ ಪದದಲ್ಲಿ ಮನೆ ಮಾಡಿದವು.

ಧ್ವನಿ ಬದಲಾವಣೆಯಿಂದಾದ ಬೆಸುಗೆ ಇದು. ಆದರೆ ಜನರಿಗೆ ಇದು ಅಷ್ಟು ಸಲೀಸಾಗಿ ಒಪ್ಪಿಗೆಯಾದದ್ದಕ್ಕೆ ಧ್ವನಿಯೊಂದೇ ಕಾರಣವೆಂದು ನಾನು ನಂಬುವುದಿಲ್ಲ. ಕೂಗಿದವನು ಆ ಕೂಗಿನಲ್ಲೇ ಅರ್ಧ ಆಸರೆ ಕಂಡಿರುತ್ತಾನೆ. ಕೇಳುವವರು ಯಾರೂ ಇಲ್ಲವೆಂದು ಖಚಿತವಾದ ಮನುಷ್ಯ ಅಳಬಹುದು, ಮೊರೆಯಿಡಲಾರ. ಅಳುವಿಗೆ ಎದುರು ಒಬ್ಬರಿರಬೇಕೆಂದಿಲ್ಲ. ‘ಅಳಲು’ ಅಂತೂ ಪೂರ್ತಿ ಒಳಗಿನದು; ಹಳಗನ್ನಡದ ‘ಅೞಲ್’ ಎಂಬುದಕ್ಕೆ ಬೇಗೆಯ ಅರ್ಥವೂ ಇತ್ತು, ತಮಿಳಿನಲ್ಲಿ ಅದೇ ಪದ ಈಗಲೂ ಬೆಂಕಿಯೇ. ಒಬ್ಬನೇ ಕುಳಿತು ಉರಿಯುವುದು ಅಳಲು. ಮೊರೆಗೆ ಮಾತ್ರ ವಿಳಾಸ ಬೇಕು. ‘ದೇವರಲ್ಲಿ ಮೊರೆಯಿಟ್ಟ’, ‘ದೊರೆಗೆ ಮೊರೆಯಿಟ್ಟ’ ಎನ್ನುತ್ತೇವೆ. ಯಾರಲ್ಲಿ, ಯಾರಿಗೆ ಎಂದು ಹೇಳದೆ ಆ ವಾಕ್ಯ ಮುಗಿದಂತೆ ಅನಿಸುವುದಿಲ್ಲ.

ಆ ‘ಇಡು’ ಎಂಬ ಕ್ರಿಯಾಪದವನ್ನೂ ಒಂದು ಗಳಿಗೆ ನೋಡಬೇಕು. ಎಡೆ ಇಡುತ್ತೇವೆ, ದೀಪ ಇಡುತ್ತೇವೆ, ಕಾಣಿಕೆ ಇಡುತ್ತೇವೆ. ದೇವರ ಮುಂದೆ ಇಡಬಹುದಾದ ವಸ್ತುಗಳ ಸಾಲಿನಲ್ಲಿ ಕನ್ನಡ ನೋವನ್ನೂ ಸೇರಿಸಿದೆ. ತೆಂಗಿನಕಾಯಿ ತರಲು ಕಾಸಿಲ್ಲದವನಿಗೂ ಇಡಲು ಒಂದು ಮೊರೆ ಇರುತ್ತದೆ. ಇನ್ನೊಂದು ಕ್ರಿಯಾಪದ ‘ಹೊಗು’. ಅದರ ಭೂತರೂಪ ‘ಹೊಕ್ಕ’. ಈಗ ನಾವು ‘ಮೊರೆ ಹೋದ’ ಎನ್ನುತ್ತೇವೆ. ಹೊಗುವುದು ಒಳಗೆ ಸೇರುವುದು. ಹೋಗುವುದು ಬರೀ ನಡೆದು ಮುಟ್ಟುವುದು, ಕೆಲಸ ಮುಗಿದ ಮೇಲೆ ಹಿಂತಿರುಗಬಹುದು. ಕೋರ್ಟಿಗೆ ಹೋದವನು ಮರಳುತ್ತಾನೆ. ದೇವರನ್ನು ಮೊರೆ ಹೊಕ್ಕವನು ಅಲ್ಲೇ ಇದ್ದುಬಿಡುತ್ತಾನೆ ಎಂಬುದು ಹಳಬರ ಎಣಿಕೆಯಾಗಿತ್ತು.

ದೇವರಿಗಿಂತ ಮೊದಲು ಈ ಮಾತುಗಳಿಗೆ ಮನುಷ್ಯರೇ ಕಿವಿಗೊಟ್ಟಿದ್ದರು. ಊರ ಮುಂದಿನ ವೀರಗಲ್ಲಿನ ಎದುರು ನಿಂತು ನೋಡಿ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುತ್ತಿರುವುದು, ಮೇಲೆ ಲಿಂಗದ ಸನ್ನಿಧಿಯಲ್ಲಿ ಅವನು ಕುಳಿತಿರುವುದು. ಅವನು ಸತ್ತದ್ದೇಕೆ ಎಂಬುದನ್ನು ಶಾಸನ ಒಂದೆರಡು ಮಾತಿನಲ್ಲಿ ಹೇಳುತ್ತದೆ. ಹೆಚ್ಚಾಗಿ ತುರುಗೋಳು, ದನ ಹೊಡೆದುಕೊಂಡು ಹೋದವರ ಮೇಲಿನ ಹೋರಾಟ. ಇನ್ನು ಕೆಲವು ಕಲ್ಲುಗಳಲ್ಲಿ ‘ಪೆಣ್ಬುಯ್ಯಲ್’ ಎಂಬ ಪದ ಬರುತ್ತದೆ. ಪುಯ್ಯಲ್ ಎಂದರೆ ಕಾಪಾಡಿ ಎಂಬ ಕೂಗು; ಪೆಣ್ಬುಯ್ಯಲ್ ಎಂದರೆ ಹೆಂಗಸರ ಆರ್ತನಾದ. ಯಾರದೋ ಮನೆಯ ಹೆಣ್ಣುಮಗಳ ಕೂಗು ಕೇಳಿ ಓಡಿದ ಒಬ್ಬ ಗೌಡನೋ ಆಳೋ ಅಲ್ಲಿ ಮಡಿದಿದ್ದಾನೆ. ಅರಸರೂ ಸಾಮಂತರೂ ಮರೆಹೊಕ್ಕವರನ್ನು ಕಾಯುವವನೆಂದು ಬಿರುದು ಹೊತ್ತರು. ‘ಶರಣಾಗತವಜ್ರಪಂಜರ’ ಎಂಬ ಅದರ ಸಂಸ್ಕೃತ ರೂಪ ಶಾಸನಗಳಲ್ಲಿ ಮತ್ತೆ ಮತ್ತೆ ಸಿಗುತ್ತದೆ. ಬಿರುದು ಹೊತ್ತವರೆಲ್ಲ ಕಾದರೆಂದಲ್ಲ. ಕಾಯುವುದು ಬಲವಂತನ ಕರ್ತವ್ಯ, ಕೂಗುವುದು ಬಡವನ ಹಕ್ಕು ಎಂಬ ಒಪ್ಪಂದವಾದರೂ ಇತ್ತು.

ಭಕ್ತರು ಈ ಒಪ್ಪಂದವನ್ನು ಹಾಗೇ ಎತ್ತಿ ದೇವರ ಮುಂದಿಟ್ಟರು. ಒಡೆಯ, ಆಳು, ಊಳಿಗ, ಬಿನ್ನಪ ಇವೆಲ್ಲ ಅರಮನೆಯ ಮಾತುಗಳೇ. ಬಿನ್ನಪವಂತೂ ಸಂಸ್ಕೃತದ ವಿಜ್ಞಾಪನದ ತದ್ಭವ. ಶಾಸನದಲ್ಲಿ ಮಂತ್ರಿ ಅರಸನಿಗೆ ಬಿನ್ನಪ ಮಾಡುತ್ತಾನೆ, ದಾಸರ ಪದಗಳಲ್ಲಿ ಭಕ್ತ ಹರಿಗೆ ಬಿನ್ನಹ ಮಾಡುತ್ತಾನೆ. ಮುಂದೆ ಆ ಪದದ ಹಾದಿ ಬೇರೆಯಾಯಿತು. ಸನ್ಮಾನ ಸಮಾರಂಭದಲ್ಲಿ ಚೌಕಟ್ಟು ಹಾಕಿಸಿ ಕೊಡುವ ಹೊಗಳಿಕೆಯ ಪತ್ರ ‘ಬಿನ್ನವತ್ತಳೆ’ ಆಗಿದೆ. ಬೇಡಿಕೆಯಾಗಿ ಹುಟ್ಟಿದ್ದು ಶಾಲು ಹೊದಿಸಿಕೊಂಡು ಕುಳಿತಿದೆ.

ಮೊರೆಯ ಪೂರ್ಣ ಬಲವನ್ನು ನೋಡಬೇಕಾದರೆ ಕುಮಾರವ್ಯಾಸನ ಸಭಾಪರ್ವಕ್ಕೆ ಹೋಗಬೇಕು. ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಳಿತು ಬರೆದನೆಂದು ನಾಡು ನೆನೆಯುವ, 15ನೆಯ ಶತಮಾನದ ಆ ಕವಿಯ ದ್ರೌಪದಿ ಸಭೆಗೆ ಬಂದ ಕೂಡಲೇ ದೇವರನ್ನು ಕರೆಯುವುದಿಲ್ಲ. ಮೊದಲು ಪ್ರಶ್ನೆ ಹಾಕುತ್ತಾಳೆ. ತನ್ನನ್ನು ತಾನು ಸೋತುಕೊಂಡವನಿಗೆ ಆಮೇಲೆ ಹೆಂಡತಿಯನ್ನು ಒಡ್ಡಲು ಹಕ್ಕು ಎಲ್ಲಿಂದ ಬಂತು? ವ್ಯಾಸಭಾರತದಿಂದ ಬಂದ ಈ ಪ್ರಶ್ನೆ ಕೋರ್ಟಿನಲ್ಲಿ ನಿಲ್ಲುವಂಥದು. ಭೀಷ್ಮನಿದ್ದಾನೆ, ದ್ರೋಣನಿದ್ದಾನೆ, ಧೃತರಾಷ್ಟ್ರನಿದ್ದಾನೆ. ವಿಕರ್ಣ ಎದ್ದು ನ್ಯಾಯ ಹೇಳಿದರೆ ಕರ್ಣ ಅವನ ಬಾಯಿ ಮುಚ್ಚಿಸುತ್ತಾನೆ. ಅಲ್ಲಿಯವರೆಗೆ ಅವಳದು ದೂರು. ದೂರು ಕೇಳಬೇಕಾದವರೆಲ್ಲ ತಲೆ ತಗ್ಗಿಸಿದ ಮೇಲೆ ಅದು ಮೊರೆಯಾಗುತ್ತದೆ, ದ್ವಾರಕೆಯ ಕಡೆಗೆ ತಿರುಗುತ್ತದೆ.

ಹರಿಕಥೆಯಲ್ಲಿ ಇದಕ್ಕೊಂದು ವಿವರಣೆ ಸೇರಿಸುವ ರೂಢಿಯಿದೆ. ದ್ರೌಪದಿ ಒಂದು ಕೈಯಲ್ಲಿ ಸೆರಗು ಹಿಡಿದು ಇನ್ನೊಂದು ಕೈ ಎತ್ತಿದಾಗ ಕೃಷ್ಣ ಬರಲಿಲ್ಲವಂತೆ. ಎರಡೂ ಕೈ ಎತ್ತಿದ ಮೇಲೆ ಬಂದನಂತೆ. ಪೂರ್ಣ ಶರಣಾಗತಿಯ ಪಾಠ ಅದು. ಚಿಕ್ಕಂದಿನಿಂದ ಕೇಳುತ್ತಾ ಬಂದ ಈ ಮಾತಿಗೆ ನನ್ನ ಒಪ್ಪಿಗೆಯಿಲ್ಲ. ಮಾನ ಉಳಿಸಿಕೊಳ್ಳಲು ಸೆರಗು ಹಿಡಿದವಳ ನಂಬಿಕೆಯಲ್ಲಿ ಕೊರತೆ ಹುಡುಕುವುದು ನೊಂದವರ ಮೇಲೆ ಇನ್ನೊಂದು ಹೊರೆ ಹೇರಿದಂತೆ. ಮಗುವನ್ನು ಕಳೆದುಕೊಂಡ ತಾಯಿಗೆ ‘ನೀನು ಸರಿಯಾಗಿ ನಂಬಲಿಲ್ಲ’ ಎಂದು ಹೇಳುವ ಬಾಯಿಗಳು ಇದೇ ಪಾಠ ಕಲಿತು ಬಂದವು. ಮೊರೆ ಎಂಬ ಪದದಲ್ಲಿ ಅಂಥ ಷರತ್ತು ಎಲ್ಲಿಯೂ ಇಲ್ಲ. ಒಂದು ಕೈ ಎತ್ತಿದರೂ ಅದು ಮೊರೆಯೇ, ಬಾಯಿ ಬಾರದೆ ಬಿಕ್ಕಿದರೂ ಮೊರೆಯೇ.

ನೆರೆಯ ಭಾಷೆಗಳಲ್ಲಿ ಈ ಪದ ಇನ್ನೂ ಕೆಲವು ಬಾಗಿಲು ತೆರೆಯುತ್ತದೆ. ತೆಲುಗಿನಲ್ಲಿ ಇದು ‘ಮೊಱ’. 15ನೆಯ ಶತಮಾನದ ಪೋತನ ಬರೆದ ತೆಲುಗು ಭಾಗವತದ ಗಜೇಂದ್ರಮೋಕ್ಷ ಆಂಧ್ರದ ಹಳ್ಳಿಹಳ್ಳಿಗೂ ಬಾಯಿಪಾಠವಾಗಿದ್ದ ಕಾವ್ಯಭಾಗ. ಮಡುವಿನಲ್ಲಿ ಮೊಸಳೆಗೆ ಕಾಲು ಕೊಟ್ಟ ಆನೆಯ ಕೂಗು ಅಲ್ಲಿನ ಜನರಿಗೆ ಮೊರೆಯೆಂಬುದರ ಮಾದರಿಯೇ ಆಗಿದೆ. ತಮಿಳಿನಲ್ಲಿ ‘ಮುಱೈಯಿಡು’ ಎಂದರೆ ದೂರು ಹೇಳಿಕೊಳ್ಳುವುದು. ಆದರೆ ಅದೇ ‘ಮುಱೈ’ಗೆ ತಮಿಳಿನಲ್ಲಿ ಕ್ರಮ, ನ್ಯಾಯ, ಸರದಿ, ನಂಟಿನ ವರಸೆ ಎಂಬ ಅರ್ಥಗಳೂ ಇವೆ. ಅನ್ಯಾಯ ಕಂಡಾಗ ‘ಮುಱೈಯೋ’ ಎಂದು ಕೂಗುವ ಹಳೆಯ ವಾಡಿಕೆ ಅಲ್ಲಿದೆ. ಇದು ಕ್ರಮವೇ, ಇದು ನ್ಯಾಯವೇ ಎಂದು ಆ ಕೂಗು ಕೇಳುತ್ತದೆ. ಹೀಗೆ ಒಂದೇ ರೂಪದಲ್ಲಿ ಕೂಗು, ನ್ಯಾಯ, ನಂಟು ಮೂರೂ ಹೆಣೆದುಕೊಂಡಿರುವುದನ್ನು ನೋಡಿದಾಗ ನನಗೆ ನಮ್ಮ ಜನರ ಪ್ರಾರ್ಥನೆಯ ಧಾಟಿ ಅರ್ಥವಾಗುತ್ತದೆ. ಅವರು ದೇವರನ್ನು ‘ಆಪದ್ಬಾಂಧವ’ ಎಂದರು, ‘ದೀನಬಂಧು’ ಎಂದರು. ಬಂಧು ಎಂದ ಮೇಲೆ ಕೇಳುವ ಸಲಿಗೆಯೂ ಇರುತ್ತದೆ, ಜಗಳವಾಡುವ ಸಲಿಗೆಯೂ ಇರುತ್ತದೆ.

ಆ ಜಗಳವನ್ನು ನಾನು ತೀರಾ ಹತ್ತಿರದಿಂದ ನೋಡಿದ್ದು ಒಂದು ಜಿಲ್ಲಾ ಆಸ್ಪತ್ರೆಯ ತೀವ್ರ ನಿಗಾ ಘಟಕದ ಹೊರಗೆ. ಉತ್ತರ ಕರ್ನಾಟಕದ ಕಡೆಯ ಒಬ್ಬ ಅಜ್ಜಿ, ಒಳಗೆ ಅವಳ ಮೊಮ್ಮಗ. ಗೋಡೆಗೆ ಯಾರೋ ಅಂಟಿಸಿದ್ದ ದೇವರ ಕ್ಯಾಲೆಂಡರ್, ಅಂಚೆಲ್ಲ ಮುದುರಿ ಹಳದಿಯಾಗಿತ್ತು. ಅಜ್ಜಿ ಅದರ ಮುಂದೆ ಚಕ್ಕಂಬಕ್ಕಳ ಹಾಕಿ ಕೂತು, ಪಕ್ಕದ ಮನೆಯವನ ಹತ್ತಿರ ಮಾತಾಡಿದ ಹಾಗೆ ಮಾತಾಡುತ್ತಿದ್ದಳು. “ಯಪ್ಪಾ, ನೋಡಾಕತ್ತೀಯಿಲ್ಲೋ? ವರ್ಷಾ ನಡಕೊಂಡು ಬಂದೀನಿ ನಿನ್ನ ಜಾತ್ರಿಗೆ. ಕಾಲಾಗ ಕಸುವಿಲ್ಲ ಅಂದ್ರೂ ಬಂದೀನಿ. ಈಗ ನೀ ಬಾ.” ಕೈ ಮುಗಿದಿರಲಿಲ್ಲ. ಸೆರಗಿನಲ್ಲಿ ಮೂಗು ಒರೆಸಿಕೊಂಡು ಮತ್ತೆ ಅದನ್ನೇ ಹೇಳಿದಳು, ಈ ಸಲ ಸ್ವಲ್ಪ ಜೋರಾಗಿ. ನರ್ಸ್ ಬಂದು ಸುಮ್ಮನಿರಲು ಹೇಳಿದರೆ, “ನಿನಗಲ್ಲವ್ವ, ಅವಗ ಅನ್ನಾಕತ್ತೀನಿ” ಎಂದಳು. ಆ ‘ನೀ’ ಎಂಬ ಏಕವಚನದಲ್ಲಿ ಎಷ್ಟು ನಂಬಿಕೆಯಿತ್ತೆಂದರೆ ಪಕ್ಕದಲ್ಲಿದ್ದ ನಾವೆಲ್ಲ ಒಂದು ಕ್ಷಣ ಆ ಕ್ಯಾಲೆಂಡರಿನ ಕಡೆ ನೋಡಿದೆವು. ಡಾಕ್ಟರಿಗೆ ‘ತಾವು’, ತಹಶೀಲ್ದಾರರಿಗೆ ‘ತಾವು’, ದೇವರಿಗೆ ‘ನೀ’. ಕನ್ನಡದಲ್ಲಿ ಅತ್ಯಂತ ದೊಡ್ಡವನಿಗೂ ಅತ್ಯಂತ ಹತ್ತಿರದವನಿಗೂ ಒಂದೇ ಸರ್ವನಾಮ.

ಸಂಕಟವನ್ನೇ ತಾಯಿಯೆಂದು ಕರೆದ ಜನ ನಮ್ಮವರು. ಮೈಮೇಲೆ ಸಿಡುಬಿನ ಗುಳ್ಳೆ ಎದ್ದರೆ ‘ಅಮ್ಮ ಆಗಿದೆ’ ಎನ್ನುತ್ತಿದ್ದರು. ಸಿಡುಬು ಹೋದ ಮೇಲೂ ಸೀತಾಳೆಗೆ ಆ ಮಾತು ಉಳಿದಿದೆ. ಹಾಸಿಗೆಯ ಸುತ್ತ ಬೇವಿನ ಸೊಪ್ಪು, ಮನೆಯಲ್ಲಿ ಒಗ್ಗರಣೆ ಇಲ್ಲ, ಅಮ್ಮನಿಗೆ ತಂಪೆಂದು ಮೊಸರನ್ನ. 1898ರಲ್ಲಿ ಪ್ಲೇಗ್ ಬೆಂಗಳೂರಿಗೆ ಬಂದು ಜನ ಮನೆ ಬಿಟ್ಟು ಬಯಲಿನಲ್ಲಿ ಗುಡಿಸಲು ಹಾಕಿಕೊಂಡ ಕಾಲದಲ್ಲಿ, ಆ ಹೊಸ ರೋಗದ ಹೆಸರನ್ನೇ ಹಿಡಿದು ಪ್ಲೇಗಮ್ಮ ಬಂದಳು. ಇದನ್ನು ಮೌಢ್ಯವೆಂದು ತಳ್ಳಿಹಾಕುವವರಿದ್ದಾರೆ. ಲಸಿಕೆಯನ್ನು ಬಿಟ್ಟು ಬೇವನ್ನಷ್ಟೇ ನಂಬಿದ್ದರಿಂದ ಹೋದ ಜೀವಗಳು ನೆನಪಾದರೆ ಅವರ ಸಿಟ್ಟು ನನಗೂ ಅರ್ಥವಾಗುತ್ತದೆ. ಆದರೆ ಗೊತ್ತುಗುರಿಯಿಲ್ಲದೆ ಬಂದೆರಗಿದ ಸಾವಿಗೆ ಅಮ್ಮನೆಂದು ಹೆಸರಿಟ್ಟವರು ಅದರೊಡನೆ ಮಾತಾಡುವ ದಾರಿಯೊಂದನ್ನು ಕಂಡುಕೊಂಡಿದ್ದರು. ಶಾಂತಳಾಗು ತಾಯಿ ಎನ್ನಬಹುದಿತ್ತು. ಮುನಿದರೂ ತಾಯಿ ತಾಯಿಯೇ ಎಂದು ಎದೆಗೆ ಧೈರ್ಯ ಹೇಳಿಕೊಳ್ಳಬಹುದಿತ್ತು. ರೋಗಕ್ಕೆ ಮೊರೆಯಿಡಲಾಗದು, ಅಮ್ಮನಿಗೆ ಇಡಬಹುದು.

ಮೊರೆಯ ನಂಟರಲ್ಲಿ ಹಲವರ ಗತಿ ಕೆಟ್ಟಿತು. ವೀರಗಲ್ಲಿನ ಪುಯ್ಯಲ್ ಹುಯ್ಯಲಾಗಿ ಹುಯಿಲಾಯಿತು. ಈಗ ‘ಹುಯಿಲೆಬ್ಬಿಸಿದರು’ ಎಂದರೆ ಇಲ್ಲದ್ದನ್ನು ದೊಡ್ಡದು ಮಾಡಿದರು ಎಂದೇ ಅರ್ಥ. ಯಾವ ಕೂಗಿಗೆ ಜನ ಪ್ರಾಣ ಕೊಟ್ಟರೋ ಆ ಪದಕ್ಕೆ ಸುಳ್ಳಿನ ವಾಸನೆ ಹತ್ತಿತು. ಗೋಳು ಇನ್ನೂ ನೋವಿನ ಮಾತಾಗಿದ್ದರೂ ‘ಗೋಳು ಹೊಯ್ದುಕೊಳ್ಳುವುದು’ ಎಂದರೆ ಕೀಟಲೆ. ಕವಿ ಹರಿಹರ ಶರಣರ ಬದುಕನ್ನು ಹಾಡಿದ ‘ರಗಳೆ’ ಕಿರಿಕಿರಿಯ ಹೆಸರಾಯಿತು. ಮತ್ತೊಬ್ಬರ ಸಂಕಟ ಮೂರು ದಿನ ಕಿವಿಗೆ ಬಿದ್ದರೆ ನಾಲ್ಕನೆಯ ದಿನ ಬೇಸರವಾಗುತ್ತದೆ. ಪದಗಳ ಮೇಲೆ ಆ ಬೇಸರದ ಗುರುತು ಉಳಿಯುತ್ತದೆ. ಪಾರಸಿಯಿಂದ ಬಂದ ‘ಫಿರ್ಯಾದಿ’ಯದು ಇನ್ನೊಂದು ಕಥೆ. ಅಲ್ಲಿ ‘ಫರ್ಯಾದ್’ ಎಂದರೆ ನೆರವಿಗಾಗಿ ಇಡುವ ಕೂಗು, ಕವಿಗಳ ಪದ. ಇಲ್ಲಿ ಅದು ಪೊಲೀಸ್ ಠಾಣೆಯ ಕಾಗದಕ್ಕೆ ಸೇರಿಕೊಂಡಿತು. ‘ಅಹವಾಲು’ ಅರಬ್ಬಿಯಲ್ಲಿ ಬರೀ ‘ಸ್ಥಿತಿಗತಿ’, ಹಾಲ್ ಎಂಬುದರ ಬಹುವಚನ. ನನ್ನ ಸ್ಥಿತಿ ಹೀಗಿದೆ ಎಂದು ಹೇಳುವುದೇ ಬೇಡಿಕೆಯಾಗಿ ನಿಂತದ್ದು ಎಷ್ಟು ಘನವಾದ ಸಂಗತಿ.

ಇವರೆಲ್ಲರ ನಡುವೆ ಮೊರೆ ಅಪಹಾಸ್ಯಕ್ಕೆ ಸಿಗದೆ ಉಳಿಯಿತು. ‘ಮೊರೆ ಹೊಯ್ದುಕೊಂಡ’ ಎಂದು ಯಾರೂ ಅನ್ನುವುದಿಲ್ಲ. ಎಳನೀರಿನ ಶೀರ್ಷಿಕೆಯಿಂದ ಅದು ತೆಳುವಾಗಿದೆ ನಿಜ, ಕೆಟ್ಟಿಲ್ಲ. ಬೇರೆ ಬೇರೆ ದೇವರನ್ನು ಕರೆಯುವವರೂ ಅದನ್ನೇ ಹಿಡಿದುಕೊಂಡದ್ದು ಅದನ್ನು ಕಾಪಾಡಿತೆಂದು ನನ್ನ ಎಣಿಕೆ. 19ನೆಯ ಶತಮಾನದಲ್ಲಿ ಬೈಬಲ್ ಕನ್ನಡಕ್ಕೆ ಬಂದಾಗ ದಾವೀದನ ಹಾಡುಗಳಿಗೆ ‘ಕೀರ್ತನೆಗಳು’ ಎಂದು ದಾಸರ ಹೆಸರೇ ಸಿಕ್ಕಿತು, ಅವುಗಳೊಳಗಿನ ಕೂಗಿಗೆ ‘ಮೊರೆ’ ಸಿಕ್ಕಿತು. 150 ಕೀರ್ತನೆಗಳಲ್ಲಿ ಮೂರರಲ್ಲೊಂದು ಭಾಗ ಸಂಕಟದ ಹಾಡುಗಳೇ. ಎಲ್ಲಿಯವರೆಗೆ ಮುಖ ಮರೆಸಿಕೊಳ್ಳುತ್ತೀ ಎಂದು ನೇರ ಕೇಳುವ ಧೈರ್ಯ ಅಲ್ಲಿದೆ. ಶಿಲುಬೆಯ ಮೇಲೆ ಯೇಸು ಕೂಗಿದ್ದು 22ನೆಯ ಕೀರ್ತನೆಯ ಮೊದಲ ಮಾತನ್ನು, ಕೈಬಿಟ್ಟದ್ದೇಕೆ ಎಂಬ ಪ್ರಶ್ನೆಯನ್ನು. ಕೈಬಿಟ್ಟವನನ್ನೇ ನನ್ನ ದೇವರೇ ಎಂದು ಕರೆದು ಕೇಳಿದ ಪ್ರಶ್ನೆ ಅದು. ದೂರು ಎಷ್ಟು ಕಟುವಾದರೂ ‘ನನ್ನ’ ಎಂಬುದು ಬಿಡಲಿಲ್ಲ.

ರಾಯಚೂರು, ಕೊಪ್ಪಳ, ಕಲಬುರಗಿಯ ಕಡೆ ಮೊಹರಂ ಬಂತೆಂದರೆ ಅಲಾಯಿ ಕುಣಿಯ, ಅಂದರೆ ಬೆಂಕಿಗುಂಡಿಯ, ಸುತ್ತ ರಿವಾಯತ್ ಎಂಬ ಶೋಕದ ಪದಗಳು ಕೇಳುತ್ತವೆ, ಕನ್ನಡದಲ್ಲಿ. ಹಾಡುವವರಲ್ಲಿ ಮುಸ್ಲಿಮರೂ ಇದ್ದಾರೆ, ಹಿಂದೂಗಳೂ ಇದ್ದಾರೆ. 680ರಲ್ಲಿ ಇರಾಕಿನ ಕರ್ಬಲಾದಲ್ಲಿ ನೀರಿಲ್ಲದೆ ಬಾಯಾರಿ ಮಡಿದವರಿಗಾಗಿ, ಹಾಲುಗಲ್ಲದ ಮಗುವಿಗಾಗಿ, ಕೃಷ್ಣಾ ತುಂಗಭದ್ರೆಯರ ಕಡೆಯ ನಾಡಿನ ರೈತರು ಎದೆ ಕರಗಿ ಹಾಡುತ್ತಾರೆ. ಬರಗಾಲ ಕಂಡ ಸೀಮೆಯ ಜನರಿಗೆ ನೀರಿಲ್ಲದ ಸಾವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಕಥೆಯಲ್ಲಿ ಕೊನೆಗೆ ನೀರು ಬರುವುದಿಲ್ಲ, ಗಜೇಂದ್ರನನ್ನು ಬಿಡಿಸಿದ ಚಕ್ರ ಬರುವುದಿಲ್ಲ, ದ್ರೌಪದಿಯ ಸೀರೆ ಬೆಳೆಯುವುದಿಲ್ಲ. ಆದರೂ ಅದೇ ಅಲಾಯಿ ದೇವರಿಗೆ ಸಕ್ಕರೆ ಓದಿಸಿ ಮಕ್ಕಳಿಗೆ ಮೈ ಚೆನ್ನಾಗಿರಲಿ ಎಂದು ಹರಕೆ ಹೊರುತ್ತಾರೆ. ದೇವರ ಕರುಣೆಯ ಬಗ್ಗೆ ಸುಲಭವಾದ ಮಾತಾಡುವವರು ಒಂದು ರಾತ್ರಿ ಅಲ್ಲಿ ಕುಳಿತು ಕೇಳಬೇಕು. ತಾನು ನೊಂದು ತಿಳಿದವನೇ ನಮ್ಮ ನೋವು ಕೇಳಿಯಾನು ಎಂಬ ನಂಬಿಕೆ ಅದು. ಗೆದ್ದು ಬಂದ ದೇವರ ಮೇಲಿನ ನಂಬಿಕೆಗಿಂತ ಅದು ಗಟ್ಟಿಯಾದದ್ದೆಂದು ನನಗೆ ತೋರುತ್ತದೆ.

ಮೊರೆಗೆ ದೇವರು ಏನು ಮಾಡಬೇಕೆಂದು ಕನ್ನಡ ನಿರೀಕ್ಷಿಸುತ್ತದೆ? ನಿಘಂಟಿನಲ್ಲಿ ಅದಕ್ಕೊಂದು ಕ್ರಿಯಾಪದವಿದೆ: ಓಗೊಡು. ಓ ಎಂದು ದನಿ ಕೊಡುವುದು. ಕರೆದರೆ ‘ಓ’ ಅನ್ನುವುದು ನಮ್ಮ ಮನೆಗಳ ರೂಢಿ. ಮಗು ಅಂಗಳದಿಂದ ‘ಅಮ್ಮಾ’ ಎಂದು ಕೂಗಿದರೆ ಅಡಿಗೆಮನೆಯಿಂದ ‘ಓ’ ಎಂದು ಬರುತ್ತದೆ. ಆ ಹೊತ್ತಿಗೆ ಅವಳ ಕೈ ಹಿಟ್ಟಿನಲ್ಲಿರಬಹುದು, ಎದ್ದು ಬರಲು ಆಗದಿರಬಹುದು. ಮಗುವಿಗೆ ಏನು ಬೇಕೆಂದು ಇನ್ನೂ ತಿಳಿದಿಲ್ಲ, ಏನೂ ಕೊಟ್ಟಾಗಿಲ್ಲ. ಓ ಎಂದದ್ದರಿಂದ ಇಷ್ಟು ಮಾತ್ರ ಖಚಿತ: ಕೇಳಿಸಿತು, ಇಲ್ಲಿದ್ದೇನೆ. ಅಷ್ಟಕ್ಕೇ ಮಗುವಿನ ದನಿಯಲ್ಲಿನ ಗಾಬರಿ ಇಳಿಯುತ್ತದೆ. ಓ ಎನ್ನುವುದು ಹಗುರವಾದ ಕೆಲಸವಲ್ಲ ಎಂಬುದೂ ನಮ್ಮವರಿಗೆ ಗೊತ್ತಿತ್ತು. ರಾತ್ರಿ ಹೊತ್ತು ಹೊರಗಿನಿಂದ ಯಾರಾದರೂ ಕರೆದರೆ ಒಂದೇ ಕೂಗಿಗೆ ಓಗೊಡಬಾರದು ಎಂದು ಹಿರಿಯರು ಎಚ್ಚರಿಸುತ್ತಿದ್ದರು. ಓ ಎಂದವನು ಕರೆದವರಿಗೆ ಕಟ್ಟುಬಿದ್ದ ಎಂಬ ನಂಬಿಕೆ ಅದರ ಹಿಂದಿತ್ತು.

ಹಾಗಾಗಿ ‘ದೇವರು ಮೊರೆಗೆ ಓಗೊಟ್ಟ’ ಎಂಬ ವಾಕ್ಯ ರೋಗ ವಾಸಿಯಾಯಿತೆಂದಾಗಲೀ ಸಾಲ ತೀರಿತೆಂದಾಗಲೀ ಹೇಳುತ್ತಿಲ್ಲ. ಬಳಕೆಯಲ್ಲಿ ಆ ಅರ್ಥವನ್ನು ನಾವು ಆಮೇಲೆ ಹಚ್ಚಿಕೊಂಡೆವು. ಆ ಮಾತಿನಷ್ಟಕ್ಕೇ ನಿಂತರೆ ಅದು ಹೇಳುವುದು, ಕರೆದವರಿಗೆ ಅವನು ಕಟ್ಟುಬಿದ್ದ ಎಂದು. ಆಸ್ಪತ್ರೆಯ ಆ ಅಜ್ಜಿಯ ಮೊಮ್ಮಗನಿಗೆ ಮುಂದೇನಾಯಿತೆಂದು ನಾನು ವಿಚಾರಿಸಲಿಲ್ಲ. ಸಂಜೆಯ ಹೊತ್ತಿಗೆ ನಮ್ಮವರನ್ನು ಬೇರೆ ವಾರ್ಡಿಗೆ ಹಾಕಿದ್ದರು. ನಾವು ಹೊರಡುವಾಗ ಅವಳು ಚೀಲದಿಂದ ರೊಟ್ಟಿ ತೆಗೆದು, ಪಕ್ಕದ ಬೆಂಚಿನಲ್ಲಿ ಬೆಳಗ್ಗೆಯಿಂದ ಒಬ್ಬಳೇ ಕೂತಿದ್ದ ಹುಡುಗಿಗೆ ಅರ್ಧ ಮುರಿದುಕೊಟ್ಟು, “ಯಾರವ್ವ ಒಳಗ ನಿಮ್ಮವ್ರು?” ಎಂದು ಕೇಳುತ್ತಿದ್ದಳು.